ಮಾತಾಡದ ಕಡ್ಡಿಗಳು

ಮಾರ್ಚ್ ತಿಂಗಳು, ಭಾನುವಾರ ಬೆಳಿಗ್ಗೆ

ನನ್ನ ಮುದ್ದು ಕೋಳಿಮರಿಗೆ,

ನಿನ್ನ ಅಕ್ಕ ಇನ್ನೂ ಇದ್ದಾಳೆ, ಚೆನ್ನಾಗಿಯೇ ಇದ್ದಾಳೆ. ಉತ್ತರ ಇಷ್ಟು ತಡವಾದದ್ದಕ್ಕೆ ಬೈಯುವ ಮುಂಚೆ ಒಂದು ಮಾತು ಕೇಳು. ಬರೆಯಲು ಕೂತಾಗಲೆಲ್ಲ ನಿನ್ನ ಭಾವ ಹಿಂದಿನಿಂದ ಇಣುಕುತ್ತಾರೆ. ಮೊನ್ನೆ ಅರ್ಧ ಪುಟ ಓದಿ, "ಇದೇನೇ, ತಂಗಿಗೆ ಕಾಗದ ಬರೀತಿದ್ದೀಯೋ, ಪ್ರಬಂಧ ಮಂಡಿಸ್ತಿದ್ದೀಯೋ?" ಎಂದು ನಕ್ಕರು. ಓದಿ ನೋಡಿದರೆ ನಿಜವಾಗಿಯೂ ಹಾಗೇ ಇತ್ತು. ಹರಿದು ಹಾಕಿದೆ. ಇವತ್ತು ಅವರು ಕೂದಲು ಕತ್ತರಿಸಿಕೊಳ್ಳಲು ಹೋಗಿದ್ದಾರೆ. ತಲೆಯಲ್ಲಿ ಉಳಿದಿರುವುದೇ ನಾಲ್ಕು ಕೂದಲಾದರೂ ಹೋದರೆ ಬೇಗ ಬರುವವರಲ್ಲ. ಹಾಗಾಗಿ ನೆಮ್ಮದಿಯಾಗಿ ಕೂತಿದ್ದೇನೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನನ್ನ ಮಾತನ್ನು ಅರ್ಧಕ್ಕೇ ಕತ್ತರಿಸಿ, "ಗಿರಾಕಿ ಬಂದ್ರು, ಇಡ್ತೀನಿ" ಎನ್ನುತ್ತೀಯ. ಕಾಗದಕ್ಕೆ ಹಾಗೆನ್ನಲು ಬರುವುದಿಲ್ಲ.

ನಿನ್ನ ಅಂಗಡಿ ಹೇಗಿದೆ? ಮದುವೆಯ ಮನೆಗೆಂದು ಯಾರೋ ಗೋಡೆಯ ಬಣ್ಣವನ್ನು ಮೂರು ಸಲ ವಾಪಸು ತಂದರೆಂದು ಬರೆದಿದ್ದೆಯಲ್ಲ, ಅವರು ಕೊನೆಗೆ ಯಾವುದನ್ನು ಒಪ್ಪಿದರು? ನೀನು ಬೆರೆಸಿ ಕಳಿಸಿದ ಕಪ್ಪು ಇನ್ನೂ ನಮ್ಮ ಪ್ರಯೋಗಾಲಯದ ಕತ್ತಲೆ ಕೋಣೆಯ ಗೋಡೆ ಮೇಲಿದೆ. ಚೂರೂ ಹೊಳಪಿಲ್ಲದ ಕಪ್ಪು ಬೇಕೆಂದು ಊರೆಲ್ಲ ಅಲೆದು ಸಿಗದೆ ನಿನ್ನನ್ನು ಕೇಳಿದ್ದೆ. ನೋಡಿದವರೆಲ್ಲ ಯಾವ ಅಂಗಡಿಯದು ಎಂದು ಕೇಳುತ್ತಾರೆ. ಅದು ನಮ್ಮ ಮನೆಯ ಗುಟ್ಟು ಎಂದು ಹೇಳಿ ಮೆರೆಯುತ್ತೇನೆ.

ಈಗ ದೊಡ್ಡ ಸುದ್ದಿ. ಈ ವರ್ಷ ನಾನು ನಿವೃತ್ತಿಯಾಗುತ್ತೇನೆ. ಕೋಣೆಯನ್ನು ಮರಿಗೂಬೆಗೆ ಬಿಟ್ಟುಕೊಡುತ್ತೇನೆ. ಮರಿಗೂಬೆ ಯಾರೆಂದು ನಿನಗೆ ಗೊತ್ತಲ್ಲ, ಕತ್ತಲಲ್ಲಿ ಹಾಡಿಕೊಂಡು ಕೆಲಸ ಮಾಡುವ ನನ್ನ ಶಿಷ್ಯೆ. ಈಗ ನನಗಿಂತ ಒಳ್ಳೆಯ ವಿಜ್ಞಾನಿ. ಬೇರೆ ಕಡೆ ಗೂಬೆ ಎಂದರೆ ಜಗಳಕ್ಕೆ ಬರುತ್ತಾರೆ, ನಮ್ಮ ಕಸುಬಿನಲ್ಲಿ ಅದು ಬಿರುದು. ನನಗೆ ಆ ಬಿರುದು ಕೊಟ್ಟವಳು ನೀನೇ, ನಾನು ನಿನ್ನನ್ನು ಕೋಳಿ ಎಂದದ್ದಕ್ಕೆ ಸೇಡಾಗಿ. ಕತ್ತಲಾದರೆ ಕೋಳಿಗೆ ಕಣ್ಣು ಕಾಣುವುದಿಲ್ಲ, ನಿನಗೂ ಕಾಣುತ್ತಿರಲಿಲ್ಲ. ಸಂಜೆ ಆಟ ಮುಗಿದಾಗ ಎಲ್ಲರೂ ಓಡಿಹೋಗುತ್ತಿದ್ದರು, ನೀನು ನಿಂತಲ್ಲೇ ನಿಂತು ನನ್ನನ್ನು ಕೂಗುತ್ತಿದ್ದೆ. ಕೈ ಹಿಡಿದು ಕರೆತರುವಾಗ ದಾರಿಯುದ್ದಕ್ಕೂ, "ನನಗೆ ಯಾಕಕ್ಕ ಹೀಗೆ?" ಎಂದು ನನ್ನ ತಲೆ ತಿನ್ನುತ್ತಿದ್ದೆ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ನನ್ನ ಕೂದಲು ಬೆಳ್ಳಗಾಯಿತು.

ಉತ್ತರ ಸಿಕ್ಕಿದೆ ಕಣೇ. ಕಣ್ಣಿನ ಹಿಂದಿನ ಪರದೆಯಲ್ಲಿ ಬೆಳಕು ಹಿಡಿಯುವ ಕೋಶಗಳು ಎರಡು ಬಗೆ ಎಂದು ಎಷ್ಟೋ ಸಲ ಹೇಳಿದ್ದೇನೆ. ನೀನು ಅವಕ್ಕೆ ಕೋನು, ಕಡ್ಡಿ ಎಂದು ಹೆಸರಿಟ್ಟೆ. ಕೋನು ಹಗಲಿನವು, ಬಣ್ಣವೆಲ್ಲ ಅವುಗಳದು. ಕಡ್ಡಿಗಳು ಮಬ್ಬಿನವು. ಅವಕ್ಕೆ ಬಣ್ಣ ತಿಳಿಯದು, ಆದರೆ ಬೆಳಕಿನ ಒಂದು ಕಣ ಬಿದ್ದರೂ ಸಾಕು, ಸುದ್ದಿ ಮುಟ್ಟಿಸುತ್ತವೆ. ನಿನ್ನ ಕಡ್ಡಿಗಳು ಸತ್ತಿಲ್ಲ. ಸಾಲಾಗಿ ಆರೋಗ್ಯವಾಗಿ ನಿಂತಿವೆ. ಬೆಳಕು ಬಿದ್ದದ್ದು ಅವಕ್ಕೆ ಗೊತ್ತಾಗುತ್ತದೆ, ಆದರೆ ಸುದ್ದಿ ಮುಂದೆ ದಾಟಿಸುವ ಒಂದು ಪ್ರೋಟೀನು ಕೆಲಸ ಮಾಡುವುದಿಲ್ಲ. ಹಿಂದೆ ನೀನು ಕೊಟ್ಟ ರಕ್ತದಲ್ಲಿ ಮರಿಗೂಬೆ ಹುಡುಕಿದ್ದು ಅದನ್ನೇ. ಅದೇ ದೋಷವಿರುವ ಇಲಿಗಳ ಕಣ್ಣಿಗೆ ಸರಿಯಾದ ಜೀನನ್ನು ಸೂಜಿಯಲ್ಲಿ ಕೊಟ್ಟಳು. ಅವುಗಳ ಕಡ್ಡಿಗಳು ಮಾತಾಡಿದವು.

ಈಗ ಕಣ್ಣಾಸ್ಪತ್ರೆಯಲ್ಲಿ ಮನುಷ್ಯರ ಮೇಲೆ ಪ್ರಯೋಗ ಶುರುವಾಗುತ್ತಿದೆ. ಒಂದು ಕಣ್ಣಿಗೆ ಮಾತ್ರ, ಒಂದೇ ಸಲ. ನಿನ್ನಂಥ ಕಣ್ಣಿನವರು ಅಪರೂಪ, ಜಾಗವೂ ಕೆಲವೇ. ಒಂದನ್ನು ನಿನಗೆಂದು ಈ ತಿಂಗಳ ಕೊನೆಯವರೆಗೆ ಹಿಡಿದಿಡಲು ಅಲ್ಲಿನ ಡಾಕ್ಟರಮ್ಮ ಒಪ್ಪಿದ್ದಾರೆ. ಬಾ. ಮೊದಲು ನಮ್ಮ ಕೋಣೆ ನೋಡು, ಆಮೇಲೆ ಅವರೊಂದಿಗೆ ಮಾತಾಡು. ಬಲವಂತವಿಲ್ಲ ಎಂದು ಬರೆಯಬೇಕು, ಬರೆದಿದ್ದೇನೆ. ಆದರೆ ಮನಸ್ಸಿನಲ್ಲಿರುವುದನ್ನು ಮುಚ್ಚಿಡಲಾರೆ. ಕೆಲಸ ಬಿಡುವ ಮುಂಚೆ ನನಗಿರುವುದು ಒಂದೇ ಆಸೆ, ನೀನು ಸಂಜೆಯನ್ನು ನೋಡಬೇಕು.

ಶನಿವಾರ ಮಧ್ಯಾಹ್ನದ ರೈಲು ಹತ್ತು. ನಾನೇ ನಿಲ್ದಾಣಕ್ಕೆ ಬರುತ್ತೇನೆ. ನಿನ್ನ ಮನೆಯವರಿಗೆ ನನ್ನ ನಮಸ್ಕಾರ, ಮಗಳಿಗೆ ಮುತ್ತು.

ಇತಿ, ನಿನ್ನ
ಮುದಿಗೂಬೆ


ಮೇ ತಿಂಗಳು, ಗುರುವಾರ ಮಧ್ಯಾಹ್ನ

ಪ್ರೀತಿಯ ಕೋಳಿಮರಿಗೆ,

ನೀನು ಇಲ್ಲಿಂದ ಹೋಗಿ ಎಷ್ಟು ದಿನವಾಯಿತು! ಸುಖವಾಗಿ ತಲುಪಿದೆ ಎಂಬ ನಿನ್ನ ಕಾಗದಕ್ಕೂ ನಾನು ಬರೆಯಲಿಲ್ಲ. ಅಕ್ಕ ಮುನಿಸಿಕೊಂಡಿದ್ದಾಳೆ ಎಂದುಕೊಂಡಿರುತ್ತೀಯ. ಮುನಿಸಲ್ಲ. ಒಂದು ಸುದ್ದಿಗೆ ಕಾಯುತ್ತಿದ್ದೆ, ಅದು ನಿನ್ನೆ ಬಂತು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ನಿನ್ನ ಭಾವ ಮನೆಗೆ ಬಂದವರಿಗೆಲ್ಲ ಹೇಳಿಕೊಂಡು ತಿರುಗುತ್ತಿರುವ ನಿಲ್ದಾಣದ ಕಥೆಯನ್ನು ನಾನೇ ಸರಿಯಾಗಿ ಬರೆದಿಡಬೇಕು. ಅವರು ಅದಕ್ಕೆ ದಿನಕ್ಕೊಂದು ಬಾಲ ಅಂಟಿಸುತ್ತಿದ್ದಾರೆ.

ಜೀವಮಾನವೆಲ್ಲ ಕತ್ತಲ ಕಣ್ಣನ್ನೇ ಓದಿದವಳು ಇರುಳುಗಣ್ಣಿನ ತಂಗಿಗೆ ಕತ್ತಲಾಗುವ ಹೊತ್ತಿಗೆ ಬಂದಿಳಿಯುವ ರೈಲು ಹತ್ತಲು ಹೇಳುತ್ತಾಳೆ ಎಂದರೆ! ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ. ಅದು ಸಾಲದು ಎಂದು ಕೆಂಪು ಕನ್ನಡಕ ಬೇರೆ. ನಿನಗೆ ಅವತ್ತೇ ವಿವರಿಸಿದೆ, ನೀನು ನಗುವ ಭರದಲ್ಲಿ ಕೇಳಿಸಿಕೊಳ್ಳಲಿಲ್ಲ. ನಮ್ಮ ಕೆಲಸಕ್ಕೆ ಮುಂಚೆ ಅರ್ಧ ಗಂಟೆ ಕತ್ತಲಲ್ಲಿ ಕೂತು ಕಣ್ಣನ್ನು ಪಳಗಿಸಬೇಕು. ಮಧ್ಯೆ ಹೊರಗೆ ಬಂದರೆ ಪಟ್ಟ ಪಾಡೆಲ್ಲ ನೀರುಪಾಲು. ಗಾಢ ಕೆಂಪು ಗಾಜಿನ ಕನ್ನಡಕ ಹಾಕಿಕೊಂಡರೆ ಮಾತ್ರ ಕಡ್ಡಿಗಳಿಗೆ ಹೊರಗಿನ ಬೆಳಕು ತಾಗುವುದಿಲ್ಲ. ನಿನ್ನನ್ನು ನಿಲ್ದಾಣದಿಂದ ನೇರವಾಗಿ ಕೋಣೆಗೆ ಕರೆದೊಯ್ಯುವ ಹುಮ್ಮಸ್ಸಿನಲ್ಲಿ ಅದನ್ನು ಹಾಕಿಕೊಂಡೇ ಬಂದೆ. ಆ ಮಬ್ಬಿನಲ್ಲಿ ಆ ಕನ್ನಡಕದಿಂದ ನನಗೆ ಕಂಡದ್ದು ಅಷ್ಟಕ್ಕಷ್ಟೇ. ನಿನ್ನನ್ನು ದಾಟಿಹೋಗಿ ಯಾರೋ ಅಪರಿಚಿತ ಹೆಂಗಸಿನ ಹೆಗಲು ಹಿಡಿದು, "ಬಂದ್ಯಾ ಕೋಳಿ?" ಎಂದೆ. ಆಕೆ ಚೀಲ ಎದೆಗವಚಿಕೊಂಡು ಓಡಿದ ಓಟ ನೆನೆದರೆ ಈಗಲೂ ಹೊಟ್ಟೆ ಹುಣ್ಣಾಗುವಷ್ಟು ನಗು ಬರುತ್ತದೆ.

ಆಮೇಲೆ ನೀನು ದನಿ ಹಿಡಿದು ನನ್ನ ಬಳಿ ಬಂದೆ.

"ತೆಗಿಯೇ ಅದನ್ನ, ಜನ ನೋಡ್ತಿದ್ದಾರೆ."

"ತೆಗೆದ್ರೆ ಮತ್ತೆ ಮೊದಲಿಂದ ಕತ್ತಲಲ್ಲಿ ಕೂರಬೇಕು ಕಣೇ."

"ಹಾಗಾದ್ರೆ ನನ್ನ ಕೈ ಹಿಡ್ಕೋ. ನನಗೆ ಹೀಗೆ ನಡೆದು ಅಭ್ಯಾಸ ಇದೆ, ನಿನಗಿಲ್ಲ."

ಹೀಗೆ ನೀನು ಮುಂದೆ, ನಾನು ಹಿಂದೆ. ಕಂಬಕ್ಕೆ ಹಾಯದೆ, ಮೆಟ್ಟಿಲು ಎಡವದೆ, ಕಾಲಿನಲ್ಲಿ ನೆಲವನ್ನು ತಡವಿ ತಡವಿ ನೀನು ನನ್ನನ್ನು ಆಚೆ ತಂದೆ. ಟ್ಯಾಕ್ಸಿಯವನು ನಮ್ಮಿಬ್ಬರನ್ನೂ ನೋಡಿ, "ಕಣ್ಣಾಸ್ಪತ್ರೆಗಾ ಅಮ್ಮ?" ಎಂದು ಕನಿಕರದಿಂದ ಕೇಳಿದ. ಪಾಪ, ಅವನ ತಪ್ಪೇನೂ ಇಲ್ಲ.

ಆದರೆ ಕೋಣೆಯಲ್ಲಿ ನಡೆದದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಎರಡು ಬಾಗಿಲು ದಾಟಿ, ಕಪ್ಪು ಪರದೆ ಸರಿಸಿ ಒಳಗೆ ಬಂದೆವು. ಮೂಲೆಯಲ್ಲಿ ಮಂಕಾದ ಕೆಂಪು ದೀಪವೊಂದೇ. ಹೊಸಬರು ಅಲ್ಲಿ ಮೇಜಿಗೆ ಸೊಂಟ ಬಡಿಸಿಕೊಳ್ಳುವುದು ಮಾಮೂಲು. ನೀನು ಹಾಗೇ ನಡೆದುಕೊಂಡು ಹೋಗಿ, ಗೋಡೆ ಮುಟ್ಟಿ, "ಎರಡನೇ ಕೋಟ್ ಹೊಡೆದೇ ಇಲ್ಲ ನೀವು" ಎಂದು ಬೈದೆ. ಮರಿಗೂಬೆ ತಬ್ಬಿಬ್ಬಾಗಿ, "ಮೇಡಂ, ಇವರಿಗೆ ಕಾಣ್ತಿದೆಯಲ್ಲ!" ಎಂದಳು. ನನಗೂ ಅರೆಕ್ಷಣ ಹೊಳೆಯಲಿಲ್ಲ. ಆಮೇಲೆ ಇಬ್ಬರೂ ಹಣೆ ಚಚ್ಚಿಕೊಂಡೆವು. ಕೆಂಪು ಬೆಳಕನ್ನು ನಾವು ಇಟ್ಟುಕೊಂಡಿರುವುದೇ ಕಡ್ಡಿಗಳು ಮಲಗಿರಲಿ ಎಂದು. ಅಲ್ಲಿ ಯಾರೇ ಆದರೂ ಕೋನುಗಳಿಂದಲೇ ನೋಡಬೇಕು. ಅಂದರೆ ಆ ಕೋಣೆಯಲ್ಲಿ ಎಲ್ಲರೂ ಕೋಳಿಗಳೇ! ನಾನು ದಿನವೂ ಬೆಳಿಗ್ಗೆ ಒಳಗೆ ಹೋಗಿ ನಿನ್ನ ಕಣ್ಣು ತೊಟ್ಟುಕೊಂಡು ಕೆಲಸ ಮಾಡುತ್ತಿದ್ದೆ, ಅದು ನನ್ನ ತಲೆಗೆ ಬಂದೇ ಇರಲಿಲ್ಲ. ಹೇಳಿದಾಗ ನೀನು ಸೊಂಟದ ಮೇಲೆ ಕೈಯಿಟ್ಟುಕೊಂಡು, "ಇಷ್ಟಕ್ಕೆ ಡಾಕ್ಟರೇಟ್ ಬೇರೆ ಕೊಟ್ಟಿದ್ದಾರೆ" ಎಂದೆ. ಮರಿಗೂಬೆ ನಗು ತಡೆಯಲಾರದೆ ಚಿಮಟ ಕೆಳಗೆ ಬೀಳಿಸಿದಳು.

ಆಮೇಲೆ ಆ ಕೆಂಪು ದೀಪವನ್ನೂ ಆರಿಸಿದೆವು. ಕೂದಲಿಗಿಂತ ಸಣ್ಣ ಗಾಜಿನ ಕೊಳವೆಯಲ್ಲಿ ಇಲಿಯ ಕಣ್ಣಿನ ಒಂದೇ ಒಂದು ಕಡ್ಡಿಯನ್ನು ಹಿಡಿದು, ಅದರ ಮೇಲೆ ಇದ್ದೂ ಇಲ್ಲದಂಥ ಬೆಳಕನ್ನು ಮಿಟುಕಿಸಿದೆವು. ಮುಚ್ಚಿಟ್ಟ ಕಂಪ್ಯೂಟರ್ ಪರದೆಯ ಸಂದಿಯಿಂದ ನಿನಗೆ ಗೆರೆ ತೋರಿಸಿದೆ. ಗೆರೆ ಸುಮ್ಮನೆ ಓಡುತ್ತಿತ್ತು, ಆಮೇಲೆ ಒಂದು ಪುಟ್ಟ ದಿಬ್ಬ ಎದ್ದು ಮೆಲ್ಲಗೆ ಇಳಿಯಿತು. ಒಂದು ಕೋಶ "ಕಂಡೆ" ಎನ್ನುವುದು ಹಾಗೆ. ಎಷ್ಟು ಸಾವಿರ ಸಲ ನೋಡಿದ್ದೇನೋ, ಪ್ರತಿಸಲವೂ ನನ್ನ ಎದೆ ಹಗುರಾಗುತ್ತದೆ.

ನೀನು ಸಂದಿಗೆ ಮುಖವಿಟ್ಟು ಇನ್ನೂ ಕೆಲವು ದಿಬ್ಬ ನೋಡಿದೆ. ಕೊನೆಗೆ, "ನನ್ನವು ಹೀಗೆ ಹೇಳಲ್ವಾ?" ಎಂದೆ.

"ಇಲ್ಲ. ಬೆಳಕು ಬಿದ್ದದ್ದು ಗೊತ್ತಾಗುತ್ತೆ, ಹೇಳಲ್ಲ."

"ಪಾಪ. ಇಷ್ಟು ವರ್ಷ ಬಾಯಿ ಕಟ್ಟಿಕೊಂಡು ನಿಂತಿವೆ" ಎಂದೆ ನೀನು. ನಿನ್ನ ಬಗ್ಗೆ ಅಲ್ಲ, ಆ ಕಡ್ಡಿಗಳ ಬಗ್ಗೆ ನಿನಗೆ ಮರುಕ! ಆಗಲೇ ನನಗೆ ನಿನ್ನ ಉತ್ತರ ಗೊತ್ತಾಗಬೇಕಿತ್ತು.

ಮರುದಿನ ಡಾಕ್ಟರಮ್ಮ ಏನನ್ನೂ ಮುಚ್ಚಿಡಲಿಲ್ಲ. ಇದೊಂದು ಪ್ರಯೋಗ, ಫಲ ಸಿಗದೆಯೂ ಇರಬಹುದು, ಹಗಲಿನ ನೋಟಕ್ಕೆ ಮಸುಕು ಬರುವ ಸಣ್ಣ ಅಪಾಯವೂ ಇದೆ ಎಂದರು. ನೀನು ತಲೆಯಾಡಿಸಿ, ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬಂದೆ. ಮನೆಗೆ ಬಂದು ಬಾಲ್ಕನಿಯ ಬಿಸಿಲಿನಲ್ಲಿ ಕಾಲು ಚಾಚಿ ಕೂತು, ಕಾಫಿ ಮುಗಿಸಿ, ಲೋಟ ಕೆಳಗಿಟ್ಟು ಹೇಳಿದೆ:

"ಬೇಡಕ್ಕ. ನಾನು ಬಣ್ಣ ಬೆರೆಸಿ ಬದುಕೋಳು. ನಾಳೆ ಈ ಕಣ್ಣು ಒಂದು ಬಣ್ಣ, ಆ ಕಣ್ಣು ಒಂದು ಬಣ್ಣ ಹೇಳಿದ್ರೆ ನಾನು ಯಾವುದನ್ನ ನಂಬ್ಲಿ? ಬೆಳಗಿಂದ ಸಂಜೆವರೆಗೂ ನನಗೇನೂ ಕಡಿಮೆ ಇಲ್ಲ. ಸಂಜೆ ಮೇಲೆ ಲೈಟ್ ಹಾಕ್ಕೋತೀನಿ. ನಿನಗೆ ಬೇಜಾರಾಗುತ್ತೆ ಅಂತ ಗೊತ್ತು."

"ನನ್ನ ಬೇಜಾರು ಬಿಡು. ನಿನಗೆ ನೋಡಬೇಕು ಅಂತ ಅನ್ನಿಸಲ್ವಾ?"

"ಕತ್ತಲಲ್ಲಿ ನಾನು ನೋಡದೆ ಕಳ್ಕೊಂಡಿದ್ದು ಏನಿದೆ? ಒಂದೇ ಒಂದು ಹೇಳು, ಈಗಲೇ ಎದ್ದು ಬರ್ತೀನಿ."

ನಾನು ನಕ್ಷತ್ರ ಎಂದೆ. "ಅವನ್ನ ನೋಡಿ ನಾನೇನು ಜಾತಕ ಬರೀಬೇಕಾ?" ಎಂದೆ ನೀನು. ನಾನು ಮಿಂಚುಹುಳ ಎಂದೆ. "ಹುಳ ತಾನೇ?" ಎಂದೆ ನೀನು. ಒಳಗಿನಿಂದ ನಿನ್ನ ಭಾವ, "ದೀಪ ಹಾಕೋ ಮುಂಚೆ ನಮ್ಮ ಅಡುಗೆಮನೆಯಲ್ಲಿ ಓಡಾಡೋ ಜಿರಳೆಗಳು! ಅವು ಕಾಣದೇ ಇರೋದೇ ಪುಣ್ಯ" ಎಂದು ಕೂಗಿದರು. ಮೂವರೂ ಬಿದ್ದು ಬಿದ್ದು ನಕ್ಕೆವು. ನಾನು ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ. ಮಾರನೆಯ ದಿನ ಹಗಲಿನ ರೈಲಿಗೇ ಹತ್ತಿಸಿದೆ, ಅಷ್ಟು ಬುದ್ಧಿ ಬಂದಿತ್ತು.

ನಿಜ ಹೇಳಲೇ? ನೀನು ಹೋದ ಮೇಲೆ ಒಂದು ವಾರ ನಾನು ನಾನಾಗಿರಲಿಲ್ಲ. ಯಾರಿಗಾಗಿ ಅಡುಗೆ ಮಾಡಿದೆನೋ ಅವರೇ ಹಸಿವಿಲ್ಲ ಎಂದ ಹಾಗಾಗಿತ್ತು. ಮರಿಗೂಬೆ ನನ್ನ ಮುಖ ನೋಡಿ, "ಮೇಡಂ, ಅವರಿಗೆ ಬೇಡ ಅನ್ನೋಷ್ಟು ಚೆನ್ನಾಗಿದ್ದಾರಲ್ಲ, ಅದು ಸಂತೋಷ ಅಲ್ವಾ?" ಎಂದಳು. ಮೊದಲು ಸಿಟ್ಟು ಬಂತು. ಮನೆಗೆ ಬಂದು ಯೋಚಿಸಿದೆ. ನಿನಗೆ ಕೊರತೆ ಇದೆ ಎಂದು ಚಿಕ್ಕಂದಿನಿಂದ ನಾನೇ ತೀರ್ಮಾನ ಮಾಡಿಕೊಂಡಿದ್ದೆ. ನೀನು "ಯಾಕೆ ಹೀಗೆ" ಎಂದು ಕೇಳಿದ್ದೆ ಅಷ್ಟೇ, "ಸರಿಮಾಡು" ಎಂದು ಕೇಳಿರಲಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟಿದ್ದೇನೆ, ಸಾಕಲ್ಲ.

ಈಗ ಆ ಸುದ್ದಿ. ನಿನಗೆಂದು ಹಿಡಿದಿಟ್ಟ ಜಾಗ ಒಬ್ಬ ಬೇಕರಿಯವನಿಗೆ ಹೋಯಿತು. ಅವನ ಕಣ್ಣಿಗೂ ನಿನ್ನದೇ ದೋಷ. ಬೆಳಕು ಹರಿಯುವ ಮುಂಚೆ ಒಲೆ ಹೊತ್ತಿಸಲು ಹೋಗಬೇಕಾದವನು, ಹೆಂಡತಿ ದಿನವೂ ಕೈಹಿಡಿದು ಬಿಟ್ಟು ಬರಬೇಕಿತ್ತಂತೆ. ಸೂಜಿ ಹಾಕಿಸಿಕೊಂಡು ಕೆಲವು ವಾರಗಳಾದವು. ನಿನ್ನೆ ಡಾಕ್ಟರಮ್ಮನ ಕೋಣೆಗೆ ನನ್ನನ್ನೂ ಕರೆಸಿದ್ದರು. ದೊಡ್ಡ ಆಳು, ಬಾಗಿಲು ತುಂಬುವಂಥವನು, ಸಣ್ಣ ದನಿಯಲ್ಲಿ ಹೇಳಿದ: "ಮೊನ್ನೆ ಬೆಳಗಿನ ಜಾವ ನನ್ನ ಹೆಂಡತಿ ನನ್ನ ಪಕ್ಕ ಬರ್ತಿದ್ಳಮ್ಮ. ತಲೆ ಬಾಚಿರಲಿಲ್ಲ. ಮಬ್ಬುಮಬ್ಬಾಗಿ ಕಾಣಿಸಿತು. ಹೇಳಿದ್ದಕ್ಕೆ ನಾಚಿಕೊಂಡು ತಲೆ ಮೇಲೆ ಬಟ್ಟೆ ಹೊದ್ಕೊಂಡ್ಳು."

ನಾನು ಅಲ್ಲೇ ಅತ್ತುಬಿಟ್ಟೆ. ಡಾಕ್ಟರಮ್ಮ ಕಣ್ಣೊರೆಸಿಕೊಳ್ಳಲು ಕೊಟ್ಟ ಹತ್ತಿಯಲ್ಲಿ ಮೂಗನ್ನೂ ಒರೆಸಿಕೊಂಡೆ. ಒಬ್ಬ ಮನುಷ್ಯನ ಕಡ್ಡಿಗಳು ಬಾಯಿ ಬಿಟ್ಟವು ಕಣೇ. ಇಷ್ಟು ನೋಡಿ ಮನೆಗೆ ಹೋಗುವ ಭಾಗ್ಯ ನಮ್ಮ ಕಸುಬಿನಲ್ಲಿ ಎಷ್ಟು ಜನಕ್ಕಿದೆ? ಮುಂದಿನ ತಿಂಗಳು ಕೀಲಿ ಮರಿಗೂಬೆಯ ಕೈಗೆ ಕೊಡುತ್ತೇನೆ. ನಿನ್ನ ಭಾವ ಆಗಲೇ ನನಗೆ ತೋಟದ ಕೆಲಸ ಹಂಚಿಟ್ಟಿದ್ದಾರೆ. ಹಗಲಿನ ಕೆಲಸವಾದ್ದರಿಂದ ನನಗೇನೂ ಬಾರದು ಎಂಬ ಅನುಮಾನ ಅವರಿಗೆ.

ಮಳೆಗಾಲಕ್ಕೆ ಮುಂಚೆ ನಾವಿಬ್ಬರೂ ಅಲ್ಲಿಗೆ ಬರುತ್ತೇವೆ. ಎರಡನೇ ಕೋಟ್‌ಗೆ ಕಪ್ಪು ಬೆರೆಸಿಡು, ಮರಿಗೂಬೆ ಕೇಳಿದ್ದಾಳೆ. ನಿನ್ನ ಅಂಗಡಿಗೆ ಒಳ್ಳೆಯ ಗಿರಾಕಿಗಳು ಬರಲಿ, ನಿನ್ನ ಮನೆಯಲ್ಲಿ ಎಲ್ಲರೂ ತಣ್ಣಗಿರಲಿ, ನಿನ್ನ ಮಗಳು ನಿನ್ನಷ್ಟೇ ಹಟಮಾರಿಯಾಗಿ ಬೆಳೆಯಲಿ. ನಿನ್ನ ಕಣ್ಣು ಈಗ ಹೇಗಿದೆಯೋ ಹಾಗೇ ನೂರು ಕಾಲ ಬಣ್ಣ ನೋಡಲಿ.

ಎಂದೆಂದಿಗೂ ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಒಂದೇ ಒಂದು ಹೇಳು ಎಂದು ಕೇಳಿದೆಯಲ್ಲ, ಬಾಲ್ಕನಿಯಲ್ಲಿ ನನಗೆ ಉತ್ತರ ಗೊತ್ತಿತ್ತು. ಹೇಳಿದ್ದರೆ ನೀನು ಎದ್ದು ಬಂದುಬಿಡುತ್ತಿದ್ದೆ, ಹಾಗೆ ನಿನ್ನನ್ನು ಒಪ್ಪಿಸುವುದು ನ್ಯಾಯವಲ್ಲ ಎನಿಸಿತು. ಈಗ ಆ ಜಾಗ ಇನ್ನೊಬ್ಬರದಾಗಿದೆ, ಹೇಳಬಹುದು.

ಅಮ್ಮ ಹೋದ ಹಿಂದಿನ ದಿನದ ಸಂಜೆ. ಕರೆಂಟು ಹೋಗಿತ್ತು. ನೀನು ಮಂಚದ ಪಕ್ಕ ಸ್ಟೂಲಿನ ಮೇಲೆ ಅವಳ ಕಡೆಗೆ ಮುಖ ಮಾಡಿ ಕೂತಿದ್ದೆ. ನಾನು ಮೇಣದಬತ್ತಿ ಹಿಡಿದು, ಬೆಂಕಿಪೊಟ್ಟಣ ಸಿಗದೆ ಬಾಗಿಲಲ್ಲಿ ನಿಂತಿದ್ದೆ. ಎರಡು ದಿನದಿಂದ ಕಣ್ಣು ತೆರೆಯದಿದ್ದ ಅಮ್ಮ ಕಣ್ಣು ತೆರೆದಳು. ತಲೆ ಹೊರಳಿಸಿ ನಿನ್ನನ್ನು ನೋಡಿದಳು. ನೋಡಿ ನಕ್ಕಳು, ಬಾಯಿ ತುಂಬ. ನೀನೂ ಅವಳನ್ನೇ ನೋಡುತ್ತಿದ್ದೆ, ನಗಲಿಲ್ಲ. ಅವಳು ಇನ್ನೂ ಸ್ವಲ್ಪ ಹೊತ್ತು ಹಾಗೇ ನಗುತ್ತಾ ಕಾದಳು. ನಾನು ದನಿ ತೆಗೆಯುವಷ್ಟರಲ್ಲಿ ಕಣ್ಣು ಮುಚ್ಚಿಕೊಂಡಳು. ಬತ್ತಿ ಹಚ್ಚಿ ತಂದಾಗ ನೀನು, "ಶ್, ಮಲಗಿದ್ದಾಳೆ" ಎಂದೆ. ಮತ್ತೆ ಅವಳು ಕಣ್ಣು ತೆರೆಯಲಿಲ್ಲ.

ಬೇಸರ ಮಾಡಿಕೊಳ್ಳಬೇಡ. ನಿನ್ನ ಕಣ್ಣಿನ ವಿಷಯ ಅಮ್ಮನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಬಾಗಿಲ ಕಡೆ ಅವಳು ಒಮ್ಮೆಯೂ ನೋಡಲಿಲ್ಲ. ಆ ನಗು ಪೂರ್ತಿ ನಿನ್ನದು. ಇಷ್ಟು ವರ್ಷ ನನ್ನ ಹತ್ತಿರ ಉಳಿದುಬಿಟ್ಟಿತ್ತು. ತೆಗೆದುಕೋ.